ಪರಿಮಳ ಸೊಪ್ಪು

"ಪರಿಮಳಾ, ಸೋಪು ಬೇಯಕ ಎಷ್ಟು ವಿಸಿಲ್ ಬೇಕಮ್ಮಿ?"

ಕೇಳಿದವನು ರಾಮು. ಕೇಳಿದ್ದು ಮಧ್ಯಾಹ್ನದ ಊಟದ ಸಾಲಿನಲ್ಲಿ, ತಟ್ಟೆ ಎದೆಗೆ ಒತ್ತಿಕೊಂಡು, ಇಡೀ ಐದನೇ ಕ್ಲಾಸಿಗೆ ಕೇಳಿಸುವ ಹಾಗೆ.

ಪರಿಮಳ ತಿರುಗಿ ನೋಡಿದಳು. "ಸೋಪನ್ನ ಯಾರ್ಲಾ ಬೇಯಿಸ್ತಾರ? ತಲೆಗಿಲೆ ಕೆಟ್ಟದಾ?"

"ನೀವೇ ಬೇಯಿಸ್ತೀರಂತಲ್ಲ. ಎರಡು ವಿಸಿಲ್ ಕೂಗಿಸಿ ಅಂತ ನಿಮ್ಮ ಪೇಜ್‌ಲೇ ಆಕಿದ್ದೀರ. ನಮ್ಮಣ್ಣ ಫೋನ್‌ಲಿ ತೋರಿಸ್ದ. ತೊಗರಿಬೇಳೆ ಬ್ಯಾರೆ ಆಕ್ಬೇಕಂತ."

ಸಾಲಿಗೆ ಸಾಲೇ ನಕ್ಕಿತು. ಸಾಂಬಾರು ಬಡಿಸುತ್ತಿದ್ದ ಅಕ್ಕ ಕೂಡ ಸೌಟು ಇಟ್ಟು ನಕ್ಕಳು. "ಇವರ ಮನೇಲಿ ಸಾರು ಉಂಡ್ರ ಬಾಯಿಂದ ಗುಳ್ಳೆ ಬತ್ತವ ಕಣ್ಲಾ" ಎಂದು ಹಿಂದಿನಿಂದ ಯಾರೋ ಹೇಳಿದರು. ಮತ್ತೆ ನಗು.

"ಮೊನ್ನೆ ಅಬ್ಬದಲಿ ಸಗಣಿ ಎರಚಾಡ್ದಾಗ್ಲೇ ಯೋಳ್ಬಾರ್ದಿತ್ತಾ" ಎಂದ ರಾಮು. "ನಾನು ಮೂರು ಸತಿ ತೊಳ್ಕಂಡ್ರೂ ನಾತ ಓಗ್ನಿಲ್ಲ. ನಿಮ್ಮ ಪರಿಮಳ ಸೋಪು ಒಂದು ಕೊಡು."

ಮಾತಿಗೆ ಮಾತು ಕೊಡುವುದರಲ್ಲಿ ಪರಿಮಳ ಏನು ಹಿಂದೆ ಬೀಳುವವಳಲ್ಲ. ಆದರೆ ಯಾವುದಕ್ಕೆ ಉತ್ತರ ಕೊಡಬೇಕು ಎಂದೇ ಗೊತ್ತಾಗದಿದ್ದರೆ ಏನು ಕೊಡುವುದು? ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು.

ಎರಡು ವಿಸಿಲ್. ತೊಗರಿಬೇಳೆ. ಆ ಮಾತುಗಳನ್ನು ಅವಳು ಬಲ್ಲಳು. ಬರೆದವಳೇ ಅವಳು. ಆದರೆ ಬರೆದದ್ದು ಸೊಪ್ಪಿನ ಬಗ್ಗೆ. ಇದರಲ್ಲಿ ಸೋಪು ಎಲ್ಲಿಂದ ಬಂತು?

ನಾಲ್ಕು ಗಂಟೆ ಆಗುವುದು ಇನ್ನೂ ದೂರ ಇತ್ತು. ಫೋನು ಅವ್ವನ ಹತ್ತಿರ, ಗುಮಟಾಪುರದ ಮನೆಯಲ್ಲಿ ಇತ್ತು. ಗಣಿತದ ಪಿರಿಯಡ್ಡಿನಲ್ಲಿ ಟೀಚರು ಬೋರ್ಡಿನ ಮೇಲೆ ಏನೇನೋ ಭಾಗಿಸಿದರು. ಪರಿಮಳಳ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಹದಿನೆಂಟು ಮನೆ ಆಗಿದೆ, ಮೂವತ್ತು ಆಗಬೇಕು, ಭಾನುವಾರಕ್ಕೆ ಇನ್ನು ಎರಡೇ ದಿನ.

ಆ ಲೆಕ್ಕ ಏನೆಂದು ನಿಮಗೂ ಹೇಳಿಬಿಡುತ್ತೇನೆ.

ಎರಡು ತಿಂಗಳ ಹಿಂದಿನ ತನಕ ಪರಿಮಳಳ ಅವ್ವ ಮಾದೇವಮ್ಮ ಜವರಣ್ಣನ ಗುಂಪಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಜವರಣ್ಣ ಮೇಸ್ತ್ರಿ. ಬೆಳಗ್ಗೆ ಆರೂವರೆಗೆ ಅವನ ಟೆಂಪೋ ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತಿತ್ತು. ಅವ್ವ ಬುತ್ತಿ ಹಿಡಿದು ಹತ್ತುತ್ತಿದ್ದಳು. ಯಾರದೋ ಕೋಸು, ಯಾರದೋ ಆಲೂಗಡ್ಡೆ. ವಾಪಸು ಬರುವಾಗ ದೀಪ ಹಚ್ಚಿ ಆಗಿರುತ್ತಿತ್ತು. ಅಪ್ಪ ಚಿಕ್ಕಸಿದ್ದ ಸತ್ಯಮಂಗಲದ ಕಡೆ ಕಬ್ಬು ಕಡಿಯಲು ಹೋದರೆ ಹದಿನೈದು ದಿನಕ್ಕೊಮ್ಮೆ ಬರುವವನು. ಹಾಗಾಗಿ ಪರಿಮಳ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ಒಂದು ಜಡೆ ಕಿವಿಯ ಮೇಲಿಂದ, ಇನ್ನೊಂದು ಕಿವಿಯ ಕೆಳಗಿಂದ ಹೊರಡುತ್ತಿತ್ತು. ಅಜ್ಜಿಗೆ ಕಣ್ಣು ಮಂಜು, ಅವಳು ಹಾಕಿದರೆ ಮೂರನೇ ಜಡೆಯೂ ಹುಟ್ಟಿಕೊಳ್ಳುತ್ತಿತ್ತು.

ಆಮೇಲೆ ತಾಳವಾಡಿಯಲ್ಲಿ, ಅಂದರೆ ತಮಿಳುನಾಡಿನ ಗಡಿಯೊಳಗಿರುವ ಈ ಕನ್ನಡದ ಸೀಮೆಯ ಪೇಟೆಯಲ್ಲಿ, ಮಹಿಳಾ ಸಂಘದವರಿಗೆ ಒಂದು ದಿನದ ಟ್ರೈನಿಂಗ್ ಆಯಿತು. ಟ್ರೈನಿಂಗಿಗೆ ಬಂದ ಮೇಡಂ ಒಬ್ಬೊಬ್ಬರನ್ನೂ ಕೇಳಿದರು, "ಪೇಟೆಯವರಿಗೆ ಗೊತ್ತಿಲ್ಲದ್ದು ನಿಮಗೇನು ಗೊತ್ತು?"

"ಸೊಪ್ಪು" ಎಂದಿದ್ದಳು ಅವ್ವ. ಸುಳ್ಳಲ್ಲ. ಅಜ್ಜಿ ಹೊಲದ ಬದುವಿನ ಮೇಲೆ ಒಂದು ಸುತ್ತು ಹೋಗಿ ಬಂದರೆ ಮಡಿಲಲ್ಲಿ ಹತ್ತು ಬಗೆಯ ಸೊಪ್ಪು ಇರುತ್ತಿತ್ತು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತಿತ್ತು. ಎಲ್ಲವನ್ನೂ ಕೂಡಿಸಿ ಬಾಳೆ ನಾರಿನಲ್ಲಿ ಕಟ್ಟಿದರೆ ಬೆರಕೆ ಸೊಪ್ಪು. ಆ ಕಟ್ಟುಗಳು ಬುಧವಾರ, ಶನಿವಾರ ಚಾಮರಾಜನಗರದ ಬಸ್ಸು ಹತ್ತಿದವು.

ಗಿರಾಕಿಗಳನ್ನು ಹಿಡಿಯಲು ಮೇಡಂ ಅವ್ವನ ಫೋನಿಗೆ ಒಂದು ಆಪ್ ಹಾಕಿಕೊಟ್ಟರು. ಫೇಸ್‌ಬುಕ್ಕಿನಲ್ಲಿ ಬರಲಿ, ಇನ್‌ಸ್ಟಾದಲ್ಲಿ ಬರಲಿ, ವಾಟ್ಸಾಪಿನಲ್ಲಿ ಬರಲಿ, ಎಲ್ಲರ ಮಾತೂ ಒಂದೇ ಡಬ್ಬಿಗೆ ಬಂದು ಬೀಳುತ್ತಿತ್ತು. ಇವತ್ತು ಬರೆದಿಟ್ಟ ಪೋಸ್ಟು ನಾಳೆ ಹೇಳಿದ ಹೊತ್ತಿಗೆ ತಾನೇ ಹೋಗುತ್ತಿತ್ತು. ಯಾವ ಊರಿನವರು ಎಷ್ಟು ಹೊತ್ತಿಗೆ ನೋಡುತ್ತಾರೆ ಎಂದೂ ಅದು ಹೇಳುತ್ತಿತ್ತು. ಪೇಜಿಗೆ ಹೆಸರು ಬೇಕಿತ್ತು. "ನಮ್ಮ ಕೂಸಿನ ಎಸ್ರೇ ಇರ್ಲಿ" ಎಂದಳು ಅವ್ವ. ಇಂಗ್ಲಿಷ್ ಅಕ್ಷರದಲ್ಲಿ 'ಪರಿಮಳ ಸೊಪ್ಪು' ಎಂದು ಹೆಸರಾಯಿತು.

ಅವ್ವನಿಗೆ ಇಂಗ್ಲಿಷ್ ಅಕ್ಷರ ಬಾರದು. ಅದಕ್ಕೇ ಸಂಜೆ ಅವಳು ಹೇಳಿದ್ದನ್ನು ಪರಿಮಳ ಒತ್ತಬೇಕು. ಕೆಲಸ ಅಷ್ಟೇ. ಆದರೆ ಅದರಿಂದ ಅವ್ವ ಬೆಳಗ್ಗೆ ಮನೆಯಲ್ಲಿ ಉಳಿದಳು. ಪರಿಮಳಳ ಎರಡು ಜಡೆಯೂ ಒಂದೇ ಎತ್ತರಕ್ಕೆ ಬಂದವು.

ಈಗ ಜವರಣ್ಣ ಮತ್ತೆ ಬಂದು ಕೇಳಿದ್ದ. "ಸೋಮವಾರದಿಂದ ಕೋಸಿನ ಕೊಯ್ಲು ಸುರು ಕಣವ್ವ ಮಾದೇವಿ. ಮೂರು ತಿಂಗಳು ಕೆಲ್ಸ. ಬತ್ತೀಯಾ ಇಲ್ವಾ, ಭಾನುವಾರ ಸಂಜೆಗ ಒಂದು ಮಾತು ಯೋಳ್ಬುಡು." ಅವ್ವ ಬೆರಳು ಮಡಿಚಿ ಲೆಕ್ಕ ಹಾಕಿದ್ದಳು. ಮೂವತ್ತು ಮನೆ ಆದರೆ ಟೆಂಪೋ ಹತ್ತುವ ಗೋಜಿಲ್ಲ. ಚಾಮರಾಜನಗರದಲ್ಲಿ ಇದ್ದದ್ದು ಹದಿನೆಂಟು. ಮಿಕ್ಕ ಹನ್ನೆರಡಕ್ಕೆಂದೇ ಈ ಸೋಮವಾರದಿಂದ ಸತ್ಯಮಂಗಲದವರಿಗೂ ಪೋಸ್ಟು ಕಾಣುವಂತೆ ಮಾಡಿದ್ದರು. ಇಬ್ಬನಿ ಕೂತ ಎಲೆಯ ಫೋಟೋ, ಅದರ ಕೆಳಗೆ ದೊಡ್ಡದಾಗಿ ಪರಿಮಳ ಸೊಪ್ಪು.

ಬೆಲ್ಲು ಹೊಡೆದದ್ದೇ ತಡ, ಪರಿಮಳ ಮನೆಗೆ ಓಡಿದಳು.

ಅವ್ವ ಜಗಲಿಯ ಮೇಲೆ ನಾರು ಸೀಳುತ್ತ ಕೂತಿದ್ದಳು. ಅಜ್ಜಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಪರಿಮಳ ಬ್ಯಾಗು ಎಸೆದು ಕಿಟಕಿಯ ಗೂಡಿನಲ್ಲಿದ್ದ ಫೋನು ಎತ್ತಿಕೊಂಡಳು. ಆ ಗೂಡಿನಲ್ಲಿ ಮಾತ್ರ ಸಿಗ್ನಲ್ಲು ಚೆನ್ನಾಗಿ ಸಿಗುವುದು.

ಡಬ್ಬಿ ತುಂಬಿ ಹೋಗಿತ್ತು.

ಎಲ್ಲಕ್ಕಿಂತ ಮೇಲೆ ಕಲೈವಾಣಿ ಎನ್ನುವವರ ಮಾತು ಇತ್ತು. ಸತ್ಯಮಂಗಲದವರು. ಇಂಗ್ಲಿಷ್ ಅಕ್ಷರದಲ್ಲಿ ತಮಿಳು ಬರೆದಿದ್ದರು. ಬುಧವಾರ ಸಂಜೆ ಕೇಳಿದ್ದರು: "ಪರಿಮಳ ಸೋಪ್ಪು ಏನು ರೇಟು?"

ಪರಿಮಳ ಸೊಪ್ಪು ಉತ್ತರ ಕೊಟ್ಟಿತ್ತು: "ಇವತ್ತು ಬೆಳಗ್ಗೆ ಕಿತ್ತದ್ದು. ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ತೊಗರಿಬೇಳೆ ಜೊತೆ ಎರಡು ವಿಸಿಲ್ ಕೂಗಿಸಿ."

ಕಲೈವಾಣಿ: "ಸೋಪ್ಪಿಗೆ ವಿಸಿಲ್ಲಾ? ನಾನು ಕೇಳಿದ್ದು ಸ್ನಾನಕ್ಕೆ. ನೊರೆ ಬರುತ್ತಾ ಈ ಸೋಪ್ಪು?"

ಉತ್ತರ: "ಇವತ್ತು ಬೆಳಗ್ಗೆ ಕಿತ್ತದ್ದು. ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ..."

ಕಲೈವಾಣಿ: "ಸೋಪ್ಪನ್ನ ಯಾಕಮ್ಮ ಹೆಚ್ಚಬೇಕು?"

ಉತ್ತರ: "ಇವತ್ತು ಬೆಳಗ್ಗೆ ಕಿತ್ತದ್ದು..."

ಕೆಳಗೆ ನಲವತ್ತೇಳು ಜನ ನಗುತ್ತಿದ್ದರು. ಕಣ್ಣಲ್ಲಿ ನೀರು ಬರಿಸಿಕೊಂಡು ನಗುವ ಹಳದಿ ಮುಖಗಳು ಸಾಲಾಗಿ ಕೂತಿದ್ದವು. ಇದು ಯಾವುದೋ ಮೋಸದ ಕಂಪನಿ ಎಂದು ಒಬ್ಬರು ಬರೆದಿದ್ದರು.

ಪರಿಮಳ ಗೋಡೆಗೆ ಒರಗಿದಳು. ಈಗ ಅರ್ಥವಾಯಿತು. ತಮಿಳಿನಲ್ಲಿ ಸೋಪಿಗೆ ಸೋಪ್ಪು ಎನ್ನುತ್ತಾರೆ. ಅವಳಿಗೇನು ಗೊತ್ತಿಲ್ಲದ್ದೆ? ತಾಳವಾಡಿ ಸಂತೆಯಲ್ಲಿ ಅವಳೇ ಎಷ್ಟು ಸಲ ತಮಿಳಿನಲ್ಲಿ ಕೇಳಿ ತಂದಿಲ್ಲ. ಆದರೆ ಆ ಸೋಪ್ಪಿಗೆ ಓ ದೀರ್ಘ, ಮನೆಯ ಸೊಪ್ಪಿಗೆ ಒ ಹ್ರಸ್ವ. ಬಾಯಲ್ಲಿ ಎರಡೂ ಬೇರೆ ಬೇರೆಯಾಗಿಯೇ ಇದ್ದವು. ಇಂಗ್ಲಿಷ್ ಅಕ್ಷರಕ್ಕೆ ಹ್ರಸ್ವವೂ ಇಲ್ಲ ದೀರ್ಘವೂ ಇಲ್ಲ. ಅಲ್ಲಿ ಎರಡೂ ಒಂದೇ ಆಗಿ ಕೂತಿದ್ದವು. ಅದರ ಮೇಲೆ ಹೆಸರು ಬೇರೆ ಪರಿಮಳ. ಎಲೆಯ ಚಿತ್ರ ಬೇರೆ. ಅಂಗಡಿಯ ಸೋಪಿನ ಡಬ್ಬಿಯ ಮೇಲೂ ಎಲೆಯೇ ಇರುತ್ತದಲ್ಲ. ಸತ್ಯಮಂಗಲದವರ ತಪ್ಪೇನಿದೆ?

ಮತ್ತೆ ಉತ್ತರ ಕೊಟ್ಟದ್ದು ಯಾರು? ಅದು ಅವಳಿಗೆ ಮಾತ್ರ ಗೊತ್ತಿತ್ತು.

ಕಲೈವಾಣಿಯ ಕೊನೆಯ ಮಾತು ನಿನ್ನೆಯದು. "ಅಲ್ಲಿ ಯಾರಾದರೂ ಮನುಷ್ಯರು ಇದ್ದೀರಾ?"

ಅದಕ್ಕೆ ಉತ್ತರವೇ ಇರಲಿಲ್ಲ. ಅದರಲ್ಲಿ ಸೊಪ್ಪು ಎನ್ನುವ ಪದ ಇಲ್ಲವಲ್ಲ.

"ಏನಂತ ಬಂದದ ಮಗ?" ಎಂದಳು ಅವ್ವ. ಆಮೇಲೆ ತಾನೇ ಹೇಳಿದಳು. "ಆಚೆ ಬೀದಿ ರಂಜಿನಿ ಬಂದಿದ್ಲು. ನಿಮ್ಮ ಸೋಪು ಬೆಂದದಾ ಅಂತ ಕೇಳಿ ನಕ್ಕಂಡು ಓದ್ಲು. ನಂಗ ತಲೆ ಬುಡ ಗೊತ್ತಾಗ್ನಿಲ್ಲ."

ಪರಿಮಳ ಓದಿ ಹೇಳಿದಳು. ಒಂದನ್ನೂ ಬಿಡಲಿಲ್ಲ, ಮೋಸದ ಕಂಪನಿ ಎಂದದ್ದನ್ನೂ.

ಅವ್ವ ಸೀಳುತ್ತಿದ್ದ ನಾರು ಕೆಳಗಿಟ್ಟಳು. ಆಮೇಲೆ, "ಬುಡು" ಎಂದಳು. "ನಮ್ಗ್ಯಾಕ ಬೇಕಿತ್ತು ಫೋನು ಪೇಜು. ಒಲ ಗದ್ದೆ ಕೆಲ್ಸ ಗೊತ್ತು, ಅದ್ನೇ ಮಾಡುವ. ಜವರಣ್ಣಂಗ ಊಂ ಅಂದ್ಬುಡ್ತೀನಿ. ಆ ಮಿಸನ್ನು ಯಾಕ ಅಂಗ ಬೊಗಳ್ತೋ ಏನೋ."

ಮೆಷಿನ್ನಿನ ಮೇಲೆ ಹಾಕಿ ಸುಮ್ಮನಿದ್ದುಬಿಡಬಹುದಿತ್ತು. ಅವ್ವನಿಗೆ ಗೊತ್ತೇ ಆಗುತ್ತಿರಲಿಲ್ಲ. ಪರಿಮಳ ಹಾಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದಳು. ಆದರೆ ಅವ್ವನ ಮುಖ ನೋಡಿಕೊಂಡು ಹಾಗೆ ಇರಲು ಅವಳಿಂದ ಆಗಲಿಲ್ಲ.

"ಮಿಸನ್ನಲ್ಲ ಅವ್ವ. ನಾನೇ."

"ನೀನೇ ಅಂದ್ರ?"

"ಸೊಪ್ಪು ಅಂತ ಯಾರು ಕೇಳುದ್ರೂ ತಾನೇ ಉತ್ರ ಓಗಂಗ ನಾನೇ ಆಕ್ಬುಟ್ಟೆ. ತಮಿಳೋರಿಗ ತಮಿಳ್ಲಿ ಓಗಂಗೂ ಮಾಡ್ದೆ. ಬಸ್ ಟೈಮ್‌ಗ ಮಾತ್ರ ಅಂಗ ಆಕಿ, ಮಿಕ್ಕದ್ದು ಓದಿ ಉತ್ರ ಕೊಡಿ ಅಂತ ಮೇಡಂ ಯೋಳಿದ್ರು. ನಾನು ಓದ್ನಿಲ್ಲ."

"ಯಾಕ್ ಮಗ?"

ಪರಿಮಳ ನೆಲ ನೋಡಿದಳು. "ಎಲ್ರೂ ಕುಂಟೆಬಿಲ್ಲೆ ಆಡ್ತಿದ್ರು. ನಾನು ಮೂರು ದಿನದಿಂದ ಫೋನ್ ಮುಂದೇ ಕುಂತಿದ್ದೆ. ಎಲ್ರೂ ಅದ್ನೇ ಕೇಳ್ತಾರ ಅವ್ವ. ಸೊಪ್ಪು ಅದಾ, ಸೊಪ್ಪು ಎಂಗ ಮಾಡದು. ನಂಗ ಬ್ಯಾಸ್ರ ಬಂತು."

ಅವ್ವ ಬೈಯುತ್ತಾಳೆ ಎಂದುಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವ್ವ ಹತ್ತಿರ ಕರೆದು, "ನಂಗ ಯೋಳ್ಬೌದಿತ್ತಲ್ಲ ಕೂಸೇ" ಎಂದಳು. "ಆಡದು ಬುಟ್ಟು ಕುಂತ್ಕೋ ಅಂತ ನಾ ಯಾವತ್ತು ಅಂದೆ. ನಾಳೆ ಉತ್ರ ಕೊಡುವ ಅಂತಿದ್ದೆ, ಅಷ್ಟೇಯ." ಪರಿಮಳಳಿಗೆ ಅಳು ತಡೆಯಲಾಗಲಿಲ್ಲ. ಅವ್ವನ ಸೆರಗು ಸೊಪ್ಪಿನ ವಾಸನೆ ಹೊಡೆಯುತ್ತಿತ್ತು. ಅದರಲ್ಲೇ ಮುಖ ಹುದುಗಿಸಿ ಅತ್ತಳು.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಗೊಳ್ಳೆಂದು ನಕ್ಕಳು.

"ಇದೇನತ್ತೆ, ಇಲ್ಲಿ ಮನೆ ಮುಳುಗ್ತಾ ಅದ, ನೀನು ನಗ್ತೀಯ" ಎಂದಳು ಅವ್ವ.

"ಅಲ್ಲಾ ಕಣವ್ವ, ಸೋಪ ಬೇಳೆಗಾಕಿ..." ಅಜ್ಜಿಗೆ ಮಾತು ಮುಗಿಸಲಾಗಲಿಲ್ಲ. ಹಲ್ಲಿಲ್ಲದ ಬಾಯಿ ಸೆರಗಿನಿಂದ ಒರೆಸಿಕೊಂಡಳು. "ಆ ಎಣ್ಮಗ ಪಾಪ, ಮೂರು ಸತಿ ಕೇಳವ್ಳ. ಮೂರು ಸತಿನೂ ಬೇಯ್ಸು ಅಂದಿದ್ದೀರ. ನಾನಾಗಿದ್ರ ಬಂದು ಬಾಯಿಗೆ ಬಡೀತಿದ್ದೆ. ಯೋಳ್ಬುಡ್ರವ್ವ ಅವಳ್ಗ. ಇದು ಬಟ್ಟೆ ತೊಳಿಯಾ ಸೋಪಲ್ಲ, ಒಟ್ಟೆ ತೊಳಿಯಾ ಸೊಪ್ಪು ಅಂತ."

ಅವ್ವ ನಕ್ಕಳು. ನಗಬಾರದು ಎಂದುಕೊಂಡೇ ನಕ್ಕಳು. ಪರಿಮಳ ಸೆರಗಿನಿಂದ ತಲೆ ಎತ್ತಿದಳು.

"ಅಜ್ಜಿ, ಇನ್ನೊಂದು ಸತಿ ಯೋಳು."

"ಯಾಕ?"

"ಯೋಳಜ್ಜಿ."

ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಒಂದಿತ್ತು. ಪರಿಮಳ ಆ ತಾನೇ ಹೋಗುವ ಉತ್ತರವನ್ನು ಅಳಿಸಿದಳು. ಆಮೇಲೆ ಕಲೈವಾಣಿಯ ಕೊನೆಯ ಮಾತು ತೆಗೆದಳು. ಅಲ್ಲಿ ಯಾರಾದರೂ ಮನುಷ್ಯರು ಇದ್ದೀರಾ?

"ಏನಂತ ಬರೀಲವ್ವ?"

"ಇದ್ದೀವಿ ಅಂತ ಬರಿ."

ಪರಿಮಳ ತಮಿಳಿನಲ್ಲಿ ಒತ್ತಿದಳು: "ಇದ್ದೀವಿ ಅಕ್ಕ. ಮೂರು ಜನ ಇದ್ದೀವಿ. ತಪ್ಪು ನಮ್ಮದೇ. ನಮ್ಮ ಕನ್ನಡದಲ್ಲಿ ಸೊಪ್ಪು ಅಂದರೆ ನಿಮ್ಮ ಕೀರೈ. ನೀವು ಕೇಳಿದ್ದನ್ನು ನಾವು ಓದದೇ ಉತ್ತರ ಕೊಟ್ಟೆವು. ಮನ್ನಿಸಬೇಕು." ಅವ್ವ ಹೇಳಿದ್ದು ಅಷ್ಟು. ಕೊನೆಯ ಸಾಲನ್ನು ಪರಿಮಳ ತಾನೇ ಸೇರಿಸಿದಳು: "ನೊರೆ ಬರುವುದಿಲ್ಲ."

ಆಮೇಲೆ ನಗುತ್ತಿದ್ದ ನಲವತ್ತೇಳು ಜನಕ್ಕೂ ಒಬ್ಬೊಬ್ಬರಿಗೇ ಬರೆದಳು. ಒಂದೇ ಉತ್ತರ ಎಲ್ಲರಿಗೂ ಅಂಟಿಸಬಹುದಿತ್ತು, ಬೆರಳು ಹಾಗೇ ಹೋಗುತ್ತಿತ್ತು. ಅಂಟಿಸಲಿಲ್ಲ. ಮೋಸದ ಕಂಪನಿ ಎಂದವರಿಗೆ ಏನು ಬರೆಯುವುದೆಂದು ಅವ್ವನನ್ನು ಕೇಳಿದಳು. "ಕಂಪ್ನಿ ಅಲ್ಲ ಸ್ವಾಮಿ, ಒಂದು ಮನೆ ಅಂತ ಬರಿ" ಎಂದಳು ಅವ್ವ.

ನಡುವೆ, ಬಿಸಿಲು ಇಳಿಯುವುದರೊಳಗೆ ವಿಡಿಯೋ ತೆಗೆದರು. ಅಜ್ಜಿ ಜಗಲಿಯ ಮೇಲೆ ಕೂತಳು. ಕ್ಯಾಮೆರಾ ಎಲ್ಲಿದೆ ಎಂದು ಅವಳಿಗೆ ಕಾಣಿಸದು. ಪರಿಮಳ "ಇಲ್ಲಿ, ಇಲ್ಲಿ" ಎಂದು ಚಿಟಿಕೆ ಹೊಡೆದಳು. ಅಜ್ಜಿ ಒಂದೊಂದೇ ಸೊಪ್ಪು ಎತ್ತಿ, ಬೆರಳಲ್ಲಿ ಸವರಿ, ಹೆಸರು ಹೇಳಿದಳು. ಅವ್ವ ಪಕ್ಕದಿಂದ ತಮಿಳಿನಲ್ಲಿ ಹೇಳಿದಳು.

"ಇದು ಗಣಿಕೆ."

"ಮಣತ್ತಕ್ಕಾಳಿ."

"ಇದು ಒನಗೊನ್ನೆ."

"ಪೊನ್ನಾಂಗಣ್ಣಿ."

ಪರಿಮಳ ನಗು ತಡೆದುಕೊಂಡಳು. ಶಾಲೆಯ ಪುಸ್ತಕದಲ್ಲಿ ಅದು ಹೊನಗೊನ್ನೆ. ಸತ್ಯಮಂಗಲದಲ್ಲಿ ಪೊ, ಪುಸ್ತಕದಲ್ಲಿ ಹೊ, ಅಜ್ಜಿಯ ಬಾಯಲ್ಲಿ ಬರೀ ಒ. ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತುವಾಗ ಪ ಉದುರಿ ಹೋಗಿರಬೇಕು, ಗುಮಟಾಪುರ ಬರುವ ಹೊತ್ತಿಗೆ ಹ ಕೂಡ ಉಳಿಯಲಿಲ್ಲ. ಸೊಪ್ಪು ಮಾತ್ರ ಅದೇ.

"ಇದು ಅಣ್ಣೆ ಸೊಪ್ಪು" ಎಂದಳು ಅಜ್ಜಿ, ತುದಿಯಲ್ಲಿ ನಸುಗೆಂಪು ತೆನೆ ಇದ್ದ ಗಿಡ ಎತ್ತಿ.

ಅವ್ವ ತಡವರಿಸಿದಳು. ಅದರ ತಮಿಳು ಹೆಸರು ಅವಳಿಗೆ ಗೊತ್ತಿರಲಿಲ್ಲ. ಪರಿಮಳ ವಿಡಿಯೋ ನಿಲ್ಲಿಸಲು ಹೋದಳು. ಅಷ್ಟರಲ್ಲಿ ಅಜ್ಜಿ ಕ್ಯಾಮೆರಾ ಇದ್ದ ಕಡೆಗೆ ಬಾಗಿ, "ಇದ್ಕ ನಿಮ್ಮ ಕಡೆ ಏನಂತೀರವ್ವ? ನಂಗೊತ್ತಿಲ್ಲ, ನೀವೇ ಯೋಳಿ" ಎಂದಳು. ಕೊನೆಗೆ ಬಟ್ಟೆಯ ಮಾತು, ಒಟ್ಟೆಯ ಮಾತು. ಅವ್ವ ಅದನ್ನು ತಮಿಳಿಗೆ ತಿರುಗಿಸಿದಳು. ಪ್ರಾಸ ಹೋಯಿತು, ಅರ್ಥ ಉಳಿಯಿತು.

ಸತ್ಯಮಂಗಲದವರು ಬೆಳಗ್ಗೆ ಏಳಕ್ಕೆ, ಕಾಫಿ ಹೊತ್ತಿಗೆ ಫೋನು ನೋಡುತ್ತಾರೆ ಎಂದು ಆಪ್ ತೋರಿಸಿತು. ಪರಿಮಳ ವಿಡಿಯೋವನ್ನು ಶನಿವಾರ ಬೆಳಗ್ಗೆ ಏಳಕ್ಕೆ ಹೋಗುವಂತೆ ಇಟ್ಟಳು. ಮೆಷಿನ್ನು ಮಾಡುವ ಕೆಲಸ ಮೆಷಿನ್ನೇ ಮಾಡಲಿ ಬಿಡಿ. ಕಾಫಿ ಹೊತ್ತು ಅದಕ್ಕೆ ಗೊತ್ತು.

"ಪೇಜಿನ ಎಸ್ರು ಬದಲಾಯ್ಸನಾ ಅವ್ವ?" ಎಂದು ಕೇಳಿದಳು ಪರಿಮಳ.

ಉತ್ತರ ಕೊಟ್ಟವಳು ಅಜ್ಜಿ. "ಅವ್ರು ತಪ್ಪು ತಿಳ್ಕಂಡ್ರೂಂತ ನಮ್ಮ ಕೂಸು ಯಾಕ ಎಸ್ರು ಬದಲಾಯ್ಸ್ಬೇಕು? ಕೆಳಗ ಕೀರೈ ಅಂತ ಒಂದು ಮಾತು ಆಕು, ಸಾಕು."

ಶನಿವಾರ ಏಳು ಗಂಟೆ ಆಯಿತು. ಏಳೂವರೆ ಆಯಿತು. ಪರಿಮಳ ಗೂಡಿನ ಮುಂದೆಯೇ ನಿಂತಿದ್ದಳು. ಅವ್ವ, "ಇಲಿ ಬಿಲದ ಮುಂದ ಬೆಕ್ಕು ಕಾದಂಗ ಕಾಯ್ತಾವ್ಳ" ಎಂದು ರೇಗಿಸಿ, ಚಾಮರಾಜನಗರದ ಕಟ್ಟುಗಳನ್ನು ಹೊತ್ತುಕೊಂಡು ಬಸ್ಸಿಗೆ ಹೋದಳು.

ಎಂಟಕ್ಕೆ ಫೋನು ಟಿಣ್ ಎಂದಿತು. ಕಲೈವಾಣಿ ಅಲ್ಲ, ಯಾರೋ ತಾತ. "ಅದು ಪಣ್ಣೈಕೀರೈ ಪಾಟಿ. ನಮ್ಮ ಅಮ್ಮ ಕೊಯ್ದು ತರುತ್ತಿದ್ದಳು. ನಲವತ್ತು ವರ್ಷ ಆಯಿತು ನೋಡಿ" ಎಂದು ಬರೆದಿದ್ದರು. ತಮಿಳಿನಲ್ಲಿ ಅಜ್ಜಿಗೆ ಪಾಟಿ ಎನ್ನುತ್ತಾರೆ. ಅದರ ಕೆಳಗೆ ಇನ್ನೊಬ್ಬರು ಹೌದು ಪಣ್ಣೈ ಎಂದರು. ಮತ್ತೊಬ್ಬರು ಅಲ್ಲ ಎಂದರು. ಇಬ್ಬರೂ ಜಗಳಕ್ಕೆ ಬಿದ್ದರು. ಜಗಳದ ನಡುವೆ ಒಬ್ಬರು ಎರಡು ಕಟ್ಟು ಕಳಿಸಿ ಎಂದರು.

ಪರಿಮಳ ಅಜ್ಜಿಗೆ ಒಂದೊಂದೂ ಓದಿ ಹೇಳಿದಳು. ಉತ್ತರ ಅಜ್ಜಿಯೇ ಹೇಳಿದಳು. ತಾತನಿಗೆ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಮವ್ವ ಎಂಗ ಮಾಡ್ತಿದ್ಲು, ಬೆಳ್ಳುಳ್ಳಿ ಆಕ್ತಿದ್ಲಾ ಕೇಳು" ಎಂದಳು. ತಾತ ಇಷ್ಟುದ್ದ ಬರೆದರು, ಕೊನೆಗೆ ಬುಧವಾರ ನನಗೂ ಒಂದು ಕಟ್ಟು ಕಳಿಸಿ ಎಂದರು.

ಮಧ್ಯಾಹ್ನ ಕಲೈವಾಣಿ ಬಂದರು. "ಮೂರು ಜನ ಇದ್ದೀರಿ ಅಂತ ತಿಳಿದು ಸಂತೋಷ" ಎಂದು ಬರೆದಿದ್ದರು. "ನಿಮ್ಮ ಪಾಟಿಯ ವಿಡಿಯೋ ನಮ್ಮ ಬೀದಿಯವರೆಲ್ಲ ನೋಡಿದೆವು. ಸೋಪು ಅಂಗಡಿಯಲ್ಲಿ ತಕೊಳ್ಳುತ್ತೇವೆ. ಕೀರೈ ನಮ್ಮ ಬೀದಿಗೆ ಐದು ಮನೆಗೆ ಬೇಕು, ವಾರವಾರವೂ."

ಪರಿಮಳ ಬೆರಳು ಮಡಿಚಿದಳು. ಹದಿನೆಂಟು, ತಾತನದು ಒಂದು, ಎರಡು ಕಟ್ಟಿನವರದು ಒಂದು, ಐದು. ಸಂಜೆಗೆ ಇನ್ನೆರಡು. ಇಪ್ಪತ್ತೇಳು.

ಭಾನುವಾರ ಪೂರ್ತಿ ಫೋನು ಸುಮ್ಮನಿತ್ತು. ಇಪ್ಪತ್ತೇಳು ಇಪ್ಪತ್ತೇಳಾಗಿಯೇ ಉಳಿಯಿತು. ಸಂಜೆ ಜವರಣ್ಣ ಬಂದು ಜಗಲಿಯ ಮೇಲೆ ಕೂತ. ಅವ್ವ ಅವನಿಗೆ ಟೀ ಕೊಟ್ಟಳು. ಪರಿಮಳ ಬಾಗಿಲ ಹಿಂದೆ ನಿಂತಳು. ಮೂರು ಮನೆ ಕಮ್ಮಿ. ಕುಂಟೆಬಿಲ್ಲೆ ಆಡಿದ್ದು ಎರಡು ಸಂಜೆ. ಆ ಎರಡು ಸಂಜೆ ಉತ್ತರ ಕೊಟ್ಟಿದ್ದರೆ ಆ ಮೂರು ಮನೆಯೂ ಸಿಗುತ್ತಿದ್ದವೋ ಏನೋ.

"ಏನವ್ವ, ಬತ್ತೀಯಾ?" ಎಂದ ಜವರಣ್ಣ.

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಈ ಸತಿ ಬುಡಣ್ಣ" ಎಂದಳು ಆಮೇಲೆ. "ಮೂವತ್ತಾಗ್ನಿಲ್ಲ. ಆದ್ರ ಒಬ್ರು ತಾತ ಅವ್ರೆ, ನಲ್ವತ್ತು ವರ್ಸದ ಮ್ಯಾಲೆ ಅಣ್ಣೆ ಸೊಪ್ಪು ಉಣ್ತೀನಿ ಅಂತ ಕಾಯ್ತಾವ್ರೆ. ಬುಧವಾರ ಕಳಿಸ್ತೀನಿ ಅಂತ ಮಾತು ಕೊಟ್ಟಿವ್ನಿ. ನಾನು ಕೋಸು ಕೊಯ್ಯಕ್ಕ ಬಂದ್ರ ಅದ್ನ ಯಾರು ಕೀಳದು?"

ಜವರಣ್ಣ ಟೀ ಮುಗಿಸಿ ಲೋಟ ಕೆಳಗಿಟ್ಟ. "ಸರಿ ಕಣವ್ವ" ಎಂದ. ಏಳುತ್ತ ಏಳುತ್ತ, "ಸೋಪ ಬೇಯ್ಸೋರು ನೀವು, ನಿಮ್ಮ ಮಾತು ಮೀರಕ್ಕಾಯ್ತದಾ" ಎಂದು ನಗುತ್ತ ಹೋದ.

ಸೋಮವಾರ ಪರಿಮಳಳಿಗೆ ಬೇಗ ಎಚ್ಚರವಾಯಿತು. ಯಾರೂ ಎಬ್ಬಿಸಲಿಲ್ಲ. ಎದ್ದವಳೇ ಅವ್ವ ಎಲ್ಲಿ ಎಂದು ನೋಡಿದಳು. ಅವ್ವ ಒಲೆಯ ಮುಂದೆಯೇ ಇದ್ದಳು.

"ಇಷ್ಟೊತ್ಗೇ ಎದ್ದು ಏನ್ ಮಾಡ್ತೀಯ? ಬಾ, ತಲೆ ಬಾಚ್ತೀನಿ" ಎಂದಳು.

ಪರಿಮಳ ಜಗಲಿಯ ಮೇಲೆ ಅವ್ವನ ಮುಂದೆ ಕೂತಳು. ಒಂದು ಜಡೆ ಮುಗಿಯುವಾಗ ಗೂಡಿನಲ್ಲಿ ಫೋನು ಟಿಣ್ ಎಂದಿತು. ಅಜ್ಜಿ ಗೋಡೆ ಹಿಡಿದು ಹೋಗಿ ತಂದುಕೊಟ್ಟಳು.

ಕಲೈವಾಣಿ ಬರೆದಿದ್ದರು: "ಬುಧವಾರಕ್ಕೆ ಪರಿಮಳ ಸೋಪ್ಪು ಐದು. ಎಷ್ಟು ವಿಸಿಲ್?"

ಪರಿಮಳ ಓದಿದಳು. ಬೆರಳು ಉತ್ತರಕ್ಕೆ ಹೋಗಿ ನಿಂತಿತು. ಇನ್ನೊಂದು ಸಲ ಓದಿದಳು. ಅಲ್ಲಿ, ಘಾಟಿಯ ಕೆಳಗೆ, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ತಾನು ಕಾಣದ ಒಬ್ಬ ಅಕ್ಕ ಇದನ್ನು ಬರೆಯುವಾಗ ನಗುತ್ತಿದ್ದಳು. ಅದು ಯಾವ ಅಕ್ಷರದಲ್ಲೂ ಇರಲಿಲ್ಲ. ಆದರೂ ಪರಿಮಳಳಿಗೆ ಗೊತ್ತಾಯಿತು.

"ಯಾರು? ಏನಂತ?" ಎಂದಳು ಅವ್ವ, ಬಾಯಲ್ಲಿ ರಿಬ್ಬನ್ನು ಕಚ್ಚಿಕೊಂಡೇ.

"ಕಲೈವಾಣಿ ಅಕ್ಕ. ತಮಾಸೆ ಮಾಡ್ತಾವ್ರೆ. ಐದು ಕಟ್ಟು ಬೇಕಂತ."

ಅವಳು ನಿಧಾನವಾಗಿ ಒತ್ತಿದಳು: "ಎರಡು ವಿಸಿಲ್ ಅಕ್ಕ. ನೊರೆ ಬಂದರೆ ನಮಗೆ ಹೇಳಿ."

ಬೀದಿಯ ತುದಿಯಲ್ಲಿ ಜವರಣ್ಣನ ಟೆಂಪೋ ಹಾರ್ನ್ ಹೊಡೆಯಿತು. ಸದ್ದು ಹತ್ತಿರ ಬಂತು. ಮನೆಯ ಮುಂದೆ ಬಂತು. ಪರಿಮಳ ಅಲ್ಲಾಡದೆ ಕೂತಳು. ಟೆಂಪೋ ಮುಂದೆ ಹೋಯಿತು. ಅವ್ವನ ಕೈ ಎರಡನೇ ಜಡೆಯನ್ನು ಹೆಣೆಯುತ್ತಲೇ ಇತ್ತು.